ಪ್ಲಾಸ್ಟರ್ ಹಾಕಿದ ಕಾಲಿಗೂ ಕೆಲಸವಿದೆ

ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಪಾದದ ಗಂಟು ಮುರಿದಿದೆ, ಆರು ವಾರ ಮಲಗಿಯೇ ಇರಬೇಕೇ ಎಂದು ಕೇಳಿದ್ದೀರಿ. ಬೇಡಮ್ಮ. ಮಲಗಿದಷ್ಟೂ ತೊಡೆಯ ಸ್ನಾಯು ಸೊರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚು. ಗಂಟೆಗೊಮ್ಮೆ ಬೆರಳು ಆಡಿಸಿ. ಮೊಣಕಾಲು ನೇರ ಚಾಚಿ, ತೊಡೆಯನ್ನು 5 ಸೆಕೆಂಡ್ ಬಿಗಿಹಿಡಿದು ಬಿಡಿ. ಹೀಗೆ 10 ಸಲ. ಕುರ್ಚಿಯಲ್ಲಿ ಕುಳಿತು ನೀರಿನ ಬಾಟಲಿ ಎತ್ತಿಳಿಸಿ. ಮೀನು ತಿನ್ನುವವರಾದರೆ ಬೂತಾಯಿ ಬಿಡಬೇಡಿ, ಮೂಳೆಗೆ ಒಳ್ಳೆಯದು.

ಕಾಲಿಗೆ ಭಾರ ಯಾವಾಗ ಹಾಕಬೇಕೆಂದು ಎಕ್ಸ್‌ರೇ ನೋಡಿದ ವೈದ್ಯರೇ ಹೇಳಲಿ. ಪ್ಲಾಸ್ಟರ್ ತೆಗೆದ ಮೇಲೂ ಕಾಪು ಕಡಲತೀರಕ್ಕೆ ಅವಸರ ಬೇಡ. ಮರಳಿನಲ್ಲಿ ಪಾದ ಹೊರಳುತ್ತದೆ. ಮೊದಲು ಸಮತಟ್ಟಾದ ರಸ್ತೆ. ಕಾರ್ಕಳದ ಗೊಮ್ಮಟಬೆಟ್ಟದ ಮೆಟ್ಟಿಲು ಎಲ್ಲಕ್ಕಿಂತ ಕೊನೆಗೆ.

ಮೀನಖಂಡ ಬಾತು ನೋಯಲಿ, ಬೆರಳು ಮರಗಟ್ಟಲಿ, ಉಸಿರು ಕಟ್ಟಲಿ, ಉಡುಪಿಯೋ ಮಣಿಪಾಲವೋ, ಹತ್ತಿರದ ಆಸ್ಪತ್ರೆಗೆ ಆಗಲೇ ಹೊರಡಿ.