ಉಣುಗು ಕಚ್ಚಿದರೆ: ಮನೆಯ ಮಕ್ಕಳಿಗಾಗಿ ಒಂದು ಪಾಠ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನಾವು ಸಂಧಿಪದಿಗಳ ಬಗ್ಗೆ ಓದುತ್ತೇವೆ. ಜೇನುನೊಣಕ್ಕೆ ಆರು ಕಾಲು, ಜೇಡಕ್ಕೆ ಎಂಟು. ದನ, ನಾಯಿಗಳ ಮೈಗೆ ಅಂಟಿಕೊಳ್ಳುವ ಉಣುಗು (ಉಣ್ಣೆ) ಕೀಟದಂತೆ ಕಂಡರೂ ಜೇಡದ ಸಂಬಂಧಿ. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಮಲೆನಾಡಿನಲ್ಲಿ, ಕಾಡಿನ ಅಂಚಿನಲ್ಲಿ ಇರುವವರಿಗೆ ಸಾಲದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗುತ್ತಿದ್ದರು. ಎರಡಕ್ಕೂ ಕಾರಣ ಒಂದೇ ವೈರಸ್. ಅದನ್ನು ಹರಡುವುದು ಉಣುಗು. ಇದೇ ಮಂಗನ ಕಾಯಿಲೆ. ಸೋಂಕು ತಗುಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಬೇರೆ ಪ್ರಾಣಿಯನ್ನೋ ಮನುಷ್ಯರನ್ನೋ ಹಿಡಿಯುತ್ತವೆ. ಡಿಸೆಂಬರ್‌ನಿಂದ ಮೇ ತನಕ ಇವುಗಳ ಮರಿಗಳ ಕಾಟ ಹೆಚ್ಚು. ಮರಿ ಬಹಳ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮಕ್ಕಳು ತರಗೆಲೆಯ ಮೇಲೆ ಆಡುವುದು, ಹಿರಿಯರ ಜೊತೆ ಸೌದೆಗೆ ಹೋಗುವುದು ಇದೇ ಕಾಲದಲ್ಲಿ.

ತಡೆಯುವುದು ಹೇಗೆ?

1. ಕಾಡಿನ ಕಡೆ ಹೋಗುವ ಮಕ್ಕಳಿಗೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು ಹಾಕಿ. ಪ್ಯಾಂಟಿನ ತುದಿ ಕಾಲುಚೀಲದೊಳಗೆ ಇರಲಿ.

2. ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಮಕ್ಕಳಿಗೆ ಹಚ್ಚುವ ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ. ಕಣ್ಣು, ಬಾಯಿ, ಅಂಗೈಗೆ ತಾಗಿಸಬೇಡಿ.

3. ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ, ಬಿಸಿನೀರಿನ ಸ್ನಾನ ಮಾಡಿಸಿ. ತಲೆಗೂದಲು, ಕಿವಿಯ ಹಿಂಭಾಗ, ಕಂಕುಳು, ಹೊಕ್ಕುಳು, ತೊಡೆಸಂದು, ಮೊಣಕಾಲಿನ ಹಿಂಬದಿ ನೋಡಿ.

4. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.

ಕಚ್ಚಿಕೊಂಡಿದ್ದರೆ?

ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿಯಿಂದ ಸುಡುವುದು ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು, ತಿರುಚದೆ, ನಿಧಾನವಾಗಿ ನೇರಕ್ಕೆ ಎಳೆಯಿರಿ. ಬೆರಳಿನಿಂದ ಹೊಸಕಬೇಡಿ. ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಿರಿ. ಕಚ್ಚಿದ ದಿನಾಂಕ ಬರೆದಿಡಿ. ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು, ವಾಂತಿ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಉಣುಗು ಕಚ್ಚಿದ್ದನ್ನು ವೈದ್ಯರಿಗೆ ಹೇಳಿ. ಈ ರೋಗಕ್ಕೆಂದೇ ಔಷಧಿ ಇಲ್ಲ, ಆದರೆ ಬೇಗ ಸಿಗುವ ಆರೈಕೆ ಜೀವ ಉಳಿಸುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಹಾಗಾಗಿ ಮಗುವನ್ನು ದೂರವಿಡಬೇಕಾಗಿಲ್ಲ.

ಜೇನು ಮತ್ತು ಜೇಡ

ಜೇನು ಕುಟುಕಿದರೆ ಮುಳ್ಳನ್ನು ತಕ್ಷಣ ತೆಗೆದು, ತೊಳೆದು, ತಣ್ಣೀರ ಬಟ್ಟೆ ಇಡಿ. ಮುಖ, ತುಟಿ ಊದಿದರೆ, ಉಸಿರಾಟ ಕಷ್ಟವಾದರೆ ಅಥವಾ ಹೆಜ್ಜೇನು ಹಿಂಡಾಗಿ ದಾಳಿ ಮಾಡಿದ್ದರೆ ಒಂದು ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಿ. ನಮ್ಮ ಮನೆಗಳ ಜೇಡಗಳಲ್ಲಿ ಹೆಚ್ಚಿನವು ನಿರುಪದ್ರವಿ. ಅವು ಕಚ್ಚಿದರೂ ತೊಳೆದು ತಣ್ಣನೆಯ ಬಟ್ಟೆ ಇಟ್ಟರೆ ಸಾಕು. ನೋವು, ಊತ ಹೆಚ್ಚುತ್ತಾ ಹೋದರೆ ವೈದ್ಯರಿಗೆ ತೋರಿಸಿ.

ಚಿಕ್ಕ ಮಗು ತನಗೆ ಏನು ಕಚ್ಚಿತೆಂದು ಹೇಳಲಾರದು. ಸಂಜೆ ಐದು ನಿಮಿಷ ಅದರ ಮೈ ನೋಡುವ ಕೆಲಸವನ್ನು ಮನೆಯಲ್ಲಿ ಓದುತ್ತಿರುವ ಅಣ್ಣನೋ ಅಕ್ಕನೋ ವಹಿಸಿಕೊಳ್ಳಲಿ.