ಮಕ್ಕಳಿಗೆ ಯಾವ ಕಡಲತೀರ?

ಅಂಕೋಲೆ ಬಳಿಯ ಭಾವಿಕೇರಿಗೆ ರಜೆಗೆ ಬಂದವರಿಗೆ ಕೇಣಿಯ ಕಡಲೂ ಹತ್ತಿರ, ಬೇಲೇಕೇರಿಯದೂ ಹತ್ತಿರ. ಪುಟ್ಟ ಮಕ್ಕಳಿದ್ದರೆ ಚೆಲುವಿಗಿಂತ ಮೊದಲು ನೀರಿನ ಸ್ವಭಾವ ನೋಡಿ. ಅಂಕೋಲೆಯ ನದಿಬಾಗದಲ್ಲಿ ಹಳ್ಳ ಕಡಲು ಸೇರುವ ಅಳಿವೆ ಶಾಂತವಾಗಿ ಕಂಡರೂ ಮಕ್ಕಳನ್ನು ಅಲ್ಲಿ ಇಳಿಸಲೇಬೇಡಿ. ಇಳಿತದ ಹೊತ್ತಿಗೆ ನೀರು ಕಡಲತ್ತ ಸೆಳೆಯುತ್ತದೆ, ಕಾಲಡಿಯ ಮರಳೂ ಜಾರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಈ ಸೆಳೆತ ಇನ್ನೂ ಜೋರು. ದಂಡೆಯ ಮೇಲೆ ಬಲೆ ಸರಿಮಾಡುತ್ತ ಕೂತ ಮೀನುಗಾರರನ್ನು ಕೇಳಿ. ಭರತಿ ಯಾವಾಗ, ಗುಂಡಿ ಎಲ್ಲಿ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಮರಳಾಟಕ್ಕಾದರೆ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರವೇ ನನಗೆ ಇಷ್ಟ. ಬಿಸಿಲೇರಿದರೆ ಅಲ್ಲೇ ಐಎನ್‌ಎಸ್ ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಯಾವ ತೀರದಲ್ಲೂ ನೀರಿಗಿಳಿಯುವುದು ಬೇಡ.