ರೀಡ್‌ಮಿ ಫೈಲಿಗೆ ನಿಮ್ಮ ಹೆಸರು ಬೇಡ

ಅಕ್ಟೋಬರ್ ಹತ್ತಿರ ಬಂತೆಂದರೆ ಹಾಸ್ಟೆಲ್ ಗ್ರೂಪುಗಳಲ್ಲಿ ಒಂದು ಮೆಸೇಜು ಓಡಾಡುತ್ತದೆ: "ನಾಲ್ಕು ಪಿಆರ್ ಹಾಕು ಮಗಾ ಸಾಕು, ರೆಸ್ಯೂಮೆಗೆ ಒಂದು ಲೈನ್ ಸಿಗತ್ತೆ." ಪಿಆರ್ ಅಂದರೆ ಪುಲ್ ರಿಕ್ವೆಸ್ಟ್: ಬೇರೆಯವರ ಕೋಡಿಗೆ ನಾನು ಮಾಡಿರುವ ಬದಲಾವಣೆಯನ್ನು ಒಪ್ಪಿಕೊಳ್ಳಿ ಎಂಬ ಕೋರಿಕೆ. ಈ ಲೇಖನ ಆ ನಾಲ್ಕು ಪಿಆರ್‌ಗಳ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಅವನ್ನು ಆ ಕಡೆ ಕೂತು ಓದುವವರ ಬಗ್ಗೆ.

ಮೊದಲು ಒಂದು ತಪ್ಪು ತಿಳಿವಳಿಕೆ. ಕೋಡ್ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣಿಸುತ್ತಿದ್ದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಅಲ್ಲ. ಬಳಸಲು, ಬದಲಿಸಲು, ಹಂಚಲು ಅನುಮತಿ ಕೊಡುವ ಲೈಸೆನ್ಸ್ ಇರಬೇಕು. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಹಕ್ಕೆಲ್ಲ ಬರೆದವರದ್ದೇ. ನಿಮ್ಮ ಮಿನಿ ಪ್ರಾಜೆಕ್ಟನ್ನು ಒಮ್ಮೆ ತೆಗೆದು ನೋಡಿ, ಬಹುಶಃ ಇರಲ್ಲ.

ಈಗ ವಿಷಯಕ್ಕೆ ಬರೋಣ. ಹ್ಯಾಕ್ಟೋಬರ್‌ಫೆಸ್ಟ್ ಅನ್ನು ಡಿಜಿಟಲ್‌ಓಶನ್ ಕಂಪನಿ 2014ರಲ್ಲಿ ಶುರು ಮಾಡಿದ್ದು. ಉದ್ದೇಶ ಒಳ್ಳೆಯದೇ ಇತ್ತು, ಹೊಸಬರು ಓಪನ್ ಸೋರ್ಸ್‌ಗೆ ಬರಲಿ ಅಂತ. ಆದರೆ 2020ರಲ್ಲಿ ಟೀ ಶರ್ಟ್ ಆಸೆಗೆ ಎಷ್ಟು ಕಸದ ಪಿಆರ್‌ಗಳು ಬಂದವೆಂದರೆ, ತಿಂಗಳು ಶುರುವಾದ ಕೆಲವೇ ದಿನಗಳಲ್ಲಿ ನಿಯಮವನ್ನೇ ಬದಲಿಸಬೇಕಾಯ್ತು. ಅಲ್ಲಿಂದ ಮುಂದೆ, ತಾವಾಗಿಯೇ "ನಮಗೆ ಬೇಕು" ಎಂದು ಹೇಳಿದ ಪ್ರಾಜೆಕ್ಟುಗಳಿಗೆ ಹಾಕಿದ ಪಿಆರ್ ಮಾತ್ರ ಲೆಕ್ಕಕ್ಕೆ. ಆಗ ಬರುತ್ತಿದ್ದ ಬದಲಾವಣೆ ಎಂಥದ್ದು? ರೀಡ್‌ಮಿ ಫೈಲಿನ ತಲೆಬರಹಕ್ಕೆ "ಅದ್ಭುತ ಪ್ರಾಜೆಕ್ಟ್" ಅಂತ ಸೇರಿಸುವುದು, ಒಂದು ಸ್ಪೇಸ್ ಹೆಚ್ಚು ಕಡಿಮೆ ಮಾಡುವುದು. 2024ರಲ್ಲಿ ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ನೋಡ್ ಫ್ರೇಮ್‌ವರ್ಕಿಗೂ ಇದೇ ಗತಿ ಆಯ್ತು. ಪಿಆರ್ ಹಾಕೋದು ಹೇಗೆ ಎಂದು ತೋರಿಸುವ ವಿಡಿಯೊ ಪಾಠವನ್ನು ನೋಡಿ ಸಾಲು ಸಾಲಾಗಿ ವಿದ್ಯಾರ್ಥಿಗಳು ಅದರ ರೀಡ್‌ಮಿಗೆ ತಮ್ಮ ಹೆಸರು ಬರೆದು ಕಳಿಸಿದರು. ಬಹಳಷ್ಟು ನಮ್ಮ ದೇಶದವರೇ, ನಮ್ಮ ಹಾಗೆಯೇ ಬಿ.ಇ., ಬಿ.ಟೆಕ್. ಓದುವವರು.

"ಅದ್ರಲ್ಲೇನು ತಪ್ಪು, ಬೇಡ ಅಂದ್ರೆ ಕ್ಲೋಸ್ ಮಾಡ್ಲಿ" ಅನ್ನಬಹುದು. ಆ ಪ್ರಾಜೆಕ್ಟನ್ನು ಹಿಂಬಾಲಿಸುವ ಪ್ರತಿಯೊಬ್ಬರ ಮೇಲ್‌ಬಾಕ್ಸಿಗೂ ಪ್ರತಿ ಪಿಆರ್‌ಗೆ ಒಂದು ಸೂಚನೆ ಹೋಗುತ್ತದೆ. ಅದರ ನಡುವೆ ನಿಜವಾದ ಒಂದು ಸೆಕ್ಯುರಿಟಿ ದೂರು ಇದ್ದರೆ ಅದೂ ಆ ರಾಶಿಯಲ್ಲೇ ಹೂತುಹೋಗುತ್ತದೆ. ಓದುವವರಿಗೆ ಅದಕ್ಕಾಗಿ ಸಂಬಳವೇನೂ ಬರಲ್ಲ, ಎಷ್ಟೋ ಸಲ ಅವರು ಆಫೀಸು ಮುಗಿಸಿ ರಾತ್ರಿ ಕೂತವರು. ಕರ್ಲ್ ಬರೆದ ಡೇನಿಯಲ್ ಸ್ಟೆನ್‌ಬರ್ಗ್ 2024ರಿಂದ ಇದರ ಹೊಸ ರೂಪದ ಬಗ್ಗೆ ಬಹಿರಂಗವಾಗಿಯೇ ದೂರುತ್ತಿದ್ದಾರೆ: ಎಐ ಬರೆದುಕೊಟ್ಟ, ನೋಡಲು ಗಂಭೀರವಾಗಿರುವ, ಒಳಗೆ ಏನೂ ಇಲ್ಲದ ಬಗ್ ರಿಪೋರ್ಟುಗಳು. ಅದು ಸುಳ್ಳು ಅಂತ ತೋರಿಸೋಕೆ ಮನುಷ್ಯನೇ ಗಂಟೆಗಟ್ಟಲೆ ಕೂರಬೇಕು.

ಮೇಂಟೇನರ್‌ನ ದಣಿವು ಬರೀ ಅವರ ಸ್ವಂತ ಕಷ್ಟ ಅಂದುಕೊಳ್ಳುವವರು ಎಕ್ಸ್‌ಜೆಡ್ ಕತೆ ಕೇಳಬೇಕು. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳ್ತೀನಿ, ಯಾಕಂದ್ರೆ ನಮ್ಮ ಸಿಲಬಸ್‌ನ ನೆಟ್‌ವರ್ಕ್ ಸೆಕ್ಯುರಿಟಿ ಪೇಪರ್ ಈ ಜಾತಿಯ ದಾಳಿಯನ್ನು ಮುಟ್ಟುವುದೇ ಇಲ್ಲ.

ಎಕ್ಸ್‌ಜೆಡ್ ಎಂದರೆ ಲಿನಕ್ಸ್‌ನಲ್ಲಿ ಫೈಲುಗಳನ್ನು ಕುಗ್ಗಿಸುವ ಸಾಧನ. ಅದನ್ನು ಬಹುಕಾಲ ನೋಡಿಕೊಂಡವರು ಲಾಸ್ಸೆ ಕೊಲಿನ್ ಎಂಬ ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ. 2021ರಲ್ಲಿ "ಜಿಯಾ ಟಾನ್" ಎಂಬ ಹೆಸರಿನಲ್ಲಿ ಒಬ್ಬರು ಬಂದು ಪ್ಯಾಚ್ ಕಳಿಸತೊಡಗಿದರು. ಕೆಲಸಕ್ಕೆ ಬರುವಂಥ ಪ್ಯಾಚುಗಳೇ. 2022ರಲ್ಲಿ ಬೇರೆ ಕೆಲವು ಹೆಸರುಗಳು ಕಾಣಿಸಿಕೊಂಡು ಗೊಣಗಲು ಶುರು ಮಾಡಿದವು: ಪ್ಯಾಚ್ ಇನ್ನೂ ಯಾಕೆ ಸೇರಿಸಿಲ್ಲ, ನಿಮಗೆ ಆಸಕ್ತಿ ಇಲ್ಲದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಅಂತ. ಕೊಲಿನ್ ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಉತ್ತರಿಸಿದರು. ಕೊನೆಗೆ ಜಿಯಾ ಟಾನ್‌ಗೆ ಬಿಡುಗಡೆ ಮಾಡುವ ಅಧಿಕಾರವೂ ಸಿಕ್ಕಿತು. 2024ರ ಫೆಬ್ರವರಿಯಲ್ಲಿ 5.6.0, ಮಾರ್ಚ್‌ನಲ್ಲಿ 5.6.1 ಹೊರಬಂದವು. ಎರಡರಲ್ಲೂ ಹಿಂಬಾಗಿಲು ಇತ್ತು.

ಅಡಗಿಸಿದ ರೀತಿ ನೋಡಿ. ವಿಷದ ಭಾಗ ಟೆಸ್ಟ್‌ಗಾಗಿ ಇಟ್ಟ ಬೈನರಿ ಫೈಲುಗಳ ಒಳಗಿತ್ತು. ಅದನ್ನು ಬಿಚ್ಚಿ ಬಿಲ್ಡ್‌ಗೆ ಸೇರಿಸುವ ಸ್ಕ್ರಿಪ್ಟ್ ಗಿಟ್ ರೆಪೊದಲ್ಲಿ ಇರಲೇ ಇಲ್ಲ, ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಮಾತ್ರ ಇತ್ತು. ಸಾಕಷ್ಟು ಕಣ್ಣುಗಳಿದ್ದರೆ ಯಾವ ಬಗ್ಗೂ ಅಡಗಲ್ಲ ಎನ್ನುತ್ತಾರಲ್ಲ, ಇಲ್ಲಿ ಎಲ್ಲರ ಕಣ್ಣು ರೆಪೊ ಮೇಲೆ, ಸರಕು ಮಾತ್ರ ಬೇರೆ ಕಡೆ. ಇನ್ನು ಗುರಿ ಎಕ್ಸ್‌ಜೆಡ್ ಅಲ್ಲವೇ ಅಲ್ಲ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್. ಎಸ್‌ಎಸ್‌ಎಚ್‌ಗೂ ಈ ಲೈಬ್ರರಿಗೂ ನೇರ ಸಂಬಂಧವಿಲ್ಲ. ಆದರೆ ಡೆಬಿಯನ್, ಫೆಡೋರಾದಂಥವು ಎಸ್‌ಎಸ್‌ಎಚ್‌ಗೆ ಸಿಸ್ಟಮ್‌ಡಿ ಲೈಬ್ರರಿಯನ್ನು ಜೋಡಿಸಿದ್ದವು, ಅದು ಎಕ್ಸ್‌ಜೆಡ್‌ನ ಲೈಬ್ರರಿಯನ್ನು ಎಳೆದು ತರುತ್ತಿತ್ತು. ನೆಂಟರ ನೆಂಟರ ಮೂಲಕ ಮನೆಯೊಳಗೆ ಬಂದ ಹಾಗೆ.

ಹಿಡಿದವರು ಆಂಡ್ರೆಸ್ ಫ್ರೋಯಿಂಡ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್. ಅವರು ಸೆಕ್ಯುರಿಟಿ ಹುಡುಕುತ್ತಲೂ ಇರಲಿಲ್ಲ. ಬೆಂಚ್‌ಮಾರ್ಕ್ ಮಾಡುವಾಗ ಎಸ್‌ಎಸ್‌ಎಚ್ ಯಾಕೋ ಹೆಚ್ಚು ಸಿಪಿಯು ತಿನ್ನುತ್ತಿದೆ, 0.3 ಸೆಕೆಂಡಿನ ಲಾಗಿನ್‌ಗೆ 0.8 ಸೆಕೆಂಡ್ ಹಿಡಿಯುತ್ತಿದೆ ಅನ್ನಿಸಿತು. ನಾವಾಗಿದ್ರೆ ವೈಫೈ ಸ್ಲೋ ಅಂತ ಬಿಟ್ಟುಬಿಡ್ತಿದ್ವಿ. ಅವರು ಬಿಡದೆ ಬೆನ್ನುಹತ್ತಿ 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಅಷ್ಟರಲ್ಲಿ ಅದು ಪರೀಕ್ಷಾ ಹಂತದ ಆವೃತ್ತಿಗಳನ್ನು ಮುಟ್ಟಿತ್ತು, ಡೆಬಿಯನ್‌ನ ಸ್ಟೇಬಲ್ ಆವೃತ್ತಿಗೆ ಇನ್ನೂ ತಲುಪಿರಲಿಲ್ಲ. ದಾಳಿ ನಡೆದದ್ದು ಕೋಡಿನ ಮೇಲಲ್ಲ, ಸುಸ್ತಾಗಿದ್ದ ಒಬ್ಬ ಮನುಷ್ಯನ ಮೇಲೆ. ಅಂಥ ಮೇಲ್‌ಬಾಕ್ಸಿಗೆ ಇನ್ನೊಂದು ಬೇಡದ ಪಿಆರ್ ಕಳಿಸುವಾಗ ನಾವು ಯಾರ ಕಡೆ ನಿಂತಿದ್ದೇವೆ ಅನ್ನೋದು ನನ್ನ ತಕರಾರು.

ಹಾಗಂತ ಸುಮ್ಮನೆ ಕೂರಿ ಅನ್ನುತ್ತಿಲ್ಲ. ನನ್ನ ಮೊದಲ ಪಿಆರ್ ಕೂಡ ಕಸವೇ. ಹದಿನಾಲ್ಕು ಫೈಲುಗಳಲ್ಲಿ ವೇರಿಯಬಲ್ ಹೆಸರು "ಚೆಂದ" ಮಾಡಿ ಕಳಿಸಿದ್ದೆ. "ಇದರಿಂದ ಯಾವ ಸಮಸ್ಯೆ ಬಗೆಹರಿಯಿತು?" ಎಂದು ಒಂದೇ ಸಾಲು ಬರೆದು ಮುಚ್ಚಿದರು. ಎರಡು ವಾರ ಸಿಟ್ಟಿತ್ತು, ಆಮೇಲೆ ಆ ಪ್ರಶ್ನೆಯೇ ಕೈಹಿಡಿಯಿತು. ಹಾಗಾಗಿ ನಾಲ್ಕು ಪಿಆರ್‌ಗೆ ಜಾಗ ಹುಡುಕಬೇಡಿ, ನೀವು ದಿನಾ ಬಳಸುವ ಸಾಫ್ಟ್‌ವೇರ್‌ನಲ್ಲಿ ನಿಮಗೇ ಕಿರಿಕಿರಿ ಕೊಡುವ ಒಂದು ಸಂಗತಿ ಹುಡುಕಿ. ಕನ್ನಡ ಬಲ್ಲವರಿಗೆ ಅದು ಸುಲಭ, ಬೇರೆಯವರು ಕಾಣದ ಬಗ್ಗುಗಳು ನಮಗೆ ಕಾಣುತ್ತವೆ.

ಪೈಥಾನ್ ತೆರೆದು "ಕ್ರಿಕೆಟ್" ಪದದ ಉದ್ದ ಕೇಳಿ. ಕಣ್ಣಿಗೆ ಮೂರು ಅಕ್ಷರ, ಉತ್ತರ 8. ಕ, ವಿರಾಮ ಚಿಹ್ನೆ, ರ, ಇಕಾರದ ಗುಣಿತ, ಹೀಗೆ ಪ್ರತಿಯೊಂದೂ ಯೂನಿಕೋಡ್‌ನಲ್ಲಿ ಬೇರೆ ಬೇರೆ. ಮೊದಲ ಎರಡನ್ನೇ ಕತ್ತರಿಸಿದರೆ "ಕ್" ಉಳಿಯುತ್ತದೆ. ಹೆಸರಿಗೆ ಇಷ್ಟೇ ಅಕ್ಷರ ಅಂತ ಮಿತಿ ಹಾಕಿ ಕತ್ತರಿಸುವ ಪ್ರೋಗ್ರಾಂ ಎಲ್ಲವೂ ಕನ್ನಡದ ಹೆಸರನ್ನು ಹೀಗೇ ಅರ್ಧಕ್ಕೆ ಮುರಿಯಬಲ್ಲದು. ಇನ್ನೊಂದು, "ರ‍್ಯಾಂಕ್" ಪದ. ಇಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಜೀರೊ ವಿಡ್ತ್ ಜಾಯ್ನರ್ ಇದೆ. ಕಾಣದ ಅಕ್ಷರಗಳನ್ನೆಲ್ಲ ಅಳಿಸಿ "ಸ್ವಚ್ಛ" ಮಾಡುವ ಕೋಡ್ ಅದನ್ನು ತೆಗೆದರೆ ಪದ "ರ್ಯಾಂಕ್" ಆಗಿ ಅರ್ಕಾವತ್ತು ಬಂದು ಕೂರುತ್ತದೆ. ಒಂದು ರೀತಿ ಟೈಪ್ ಮಾಡಿದ್ದನ್ನು ಇನ್ನೊಂದು ರೀತಿ ಹುಡುಕಿದರೆ ಸಿಗುವುದೂ ಇಲ್ಲ.

ಇಂಥದ್ದು ಸಿಕ್ಕರೆ ತಕ್ಷಣ ಕೋಡ್ ಬರೆಯಲು ಕೂರಬೇಡಿ. ಈಗಾಗಲೇ ಯಾರಾದರೂ ದೂರು ಕೊಟ್ಟಿದ್ದಾರಾ ನೋಡಿ. ಇಲ್ಲದಿದ್ದರೆ ಇಶ್ಯೂ ತೆರೆದು ಮೂರು ವಿಷಯ ಬರೆಯಿರಿ: ಏನು ಕೊಟ್ಟೆ, ಏನು ಬಂತು, ಏನು ಬರಬೇಕಿತ್ತು. ಸ್ವೀಡನ್ನಿನಲ್ಲೋ ಬ್ರೆಜಿಲ್‌ನಲ್ಲೋ ಇರುವವರಿಗೆ ಅರ್ಕಾವತ್ತು ಅಂದರೆ ಏನಂತ ಗೊತ್ತಿರಲ್ಲ, ಸರಿ ಮತ್ತು ತಪ್ಪು ರೂಪದ ಚಿತ್ರ ಎರಡನ್ನೂ ಹಾಕಿ. ಸರಿಪಡಿಸುವಾಗ ಒಂದು ಪಿಆರ್‌ಗೆ ಒಂದೇ ಬದಲಾವಣೆ, ಜೊತೆಗೆ ಒಂದು ಟೆಸ್ಟ್. ಕಮಿಟ್ ಮೆಸೇಜಿನಲ್ಲಿ ಏನು ಬದಲಿಸಿದೆ ಅನ್ನೋದಕ್ಕಿಂತ ಯಾಕೆ ಅನ್ನೋದು ಇರಲಿ, ಏನು ಅನ್ನೋದು ಡಿಫ್‌ನಲ್ಲೇ ಕಾಣುತ್ತೆ. ಮಾರನೇ ದಿನವೇ "ಎನಿ ಅಪ್‌ಡೇಟ್ ಸರ್" ಅಂತ ಕೇಳಬೇಡಿ, ಎಕ್ಸ್‌ಜೆಡ್ ಕತೆಯಲ್ಲಿ ಹಾಗೆ ಕೇಳಿದವರು ಯಾರು ಅಂತ ನೋಡಿದಿರಲ್ಲ.

ಗಿಟ್ ಕಮಾಂಡುಗಳನ್ನು ಕಲಿಯಲು ಎಕ್ಸ್‌ಪ್ರೆಸ್ ಬೇಕಾಗಿಲ್ಲ. ರೂಮ್‌ಮೇಟ್ ಜೊತೆ ಸೇರಿ ಒಂದು ರೆಪೊ ಮಾಡಿ, ಒಬ್ಬರ ಪಿಆರ್ ಇನ್ನೊಬ್ಬರು ತಿರಸ್ಕರಿಸಿ. ಕಾಂಟ್ರಿಬ್ಯೂಟಿಂಗ್ ಫೈಲ್ ನೀವೇ ಬರೆಯಿರಿ. ಮರ್ಜ್ ಕಾನ್‌ಫ್ಲಿಕ್ಟ್ ಬೇಕಂತಲೇ ತಂದುಕೊಳ್ಳಿ. ಅದರ ರೀಡ್‌ಮಿಯಲ್ಲಿ ನಿಮ್ಮ ಹೆಸರು ಎಷ್ಟು ಸಲ ಬೇಕಾದರೂ ಬರೆದುಕೊಳ್ಳಿ.